ದೇವರ ಕೋಣೆಯ ಬಲ್ಬು ಮತ್ತು ನಮ್ಮ ಮನೆಯ ಬ್ಯಾಟರಿ



ಇವತ್ತಿನ ವಿಷಯ ಇನ್ವರ್ಟರಿನ ಬ್ಯಾಟರಿ ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೊದಲು ನಾನೂ ನಗುತ್ತಿದ್ದೆ. ಅದು ಯಜಮಾನರ ಕೆಲಸ, ಅವರಿಗೆ ಪುರುಸೊತ್ತು ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೆಲಸ ಅಂದುಕೊಂಡಿದ್ದೆ. ಡೊಂಬಿವಲಿ, ಕಲ್ಯಾಣದಲ್ಲಿ ಲೋಡ್ ಶೆಡ್ಡಿಂಗ್ ಇದ್ದ ಕಾಲದಲ್ಲಿ ನಿಮ್ಮಲ್ಲಿ ಹಲವರ ಮನೆಗೆ ಬಂದ ಪೆಟ್ಟಿಗೆ ಈಗಲೂ ಮೂಲೆಯಲ್ಲಿ ಇದ್ದೇ ಇರುತ್ತದೆ.

2020ರ ಮಾರ್ಚಿನಲ್ಲಿ ನಾವು ಠಾಣೆಯಿಂದ ಉಡುಪಿಗೆ ಹೋದೆವು. ಹತ್ತು ದಿನಕ್ಕೆಂದು ಹೋದವರು ಲಾಕ್‌ಡೌನ್‌ನಿಂದ ಆಗಸ್ಟ್‌ವರೆಗೆ ಅಲ್ಲೇ ಉಳಿದೆವು. ಹೊರಡುವಾಗ ಜಾಣತನ ಮಾಡಿ ಮೇನ್ ಸ್ವಿಚ್ ಆಫ್ ಮಾಡಿದ್ದೆ. ಇನ್ವರ್ಟರ್ ಆಫ್ ಮಾಡಲಿಲ್ಲ. ಅದಕ್ಕೇನು ಗೊತ್ತು, ಕರೆಂಟ್ ಹೋಯಿತು ಅಂದುಕೊಂಡು ದೇವರ ಕೋಣೆಯ ಸಣ್ಣ ಬಲ್ಬನ್ನು ನಿಷ್ಠೆಯಿಂದ ಉರಿಸಿತು. ಬಲ್ಬಿಗಿಂತ ಹೆಚ್ಚು ಇನ್ವರ್ಟರ್ ತಾನೇ ತಿನ್ನುತ್ತದೆ. ಕೆಲವೇ ದಿನಗಳಲ್ಲಿ ಬ್ಯಾಟರಿ ಖಾಲಿ. ಆಮೇಲೆ ಸುಮಾರು ಐದು ತಿಂಗಳು ಹಾಗೇ ಬಿದ್ದಿತ್ತು.

ಬಂದ ಮೇಲೆ ಚಾರ್ಜಿಗೆ ಹಾಕಿದೆವು. ಬೇಗನೇ ಹಸಿರು ದೀಪ ಬಂತು. ಸಮಾಧಾನವಾಯಿತು.

ಅಷ್ಟರಲ್ಲಿ ಅತ್ತೆಗೆ ಕೋವಿಡ್ ಆಗಿ, ಆಸ್ಪತ್ರೆಯಿಂದ ಮನೆಗೆ ಬಂದಮೇಲೂ ಆಕ್ಸಿಜನ್ ಯಂತ್ರ ಬೇಕಾಯಿತು. ಅಕ್ಟೋಬರ್ 12, ಸೋಮವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ ಮುಂಬಯಿ, ಠಾಣೆ, ನವಿ ಮುಂಬಯಿ ಎಲ್ಲ ಕಡೆ ಕರೆಂಟ್ ಹೋದದ್ದು ನಿಮಗೆ ನೆನಪಿರಬಹುದು. ಲೋಕಲ್‌ಗಳೂ ನಿಂತವು. ನಮ್ಮ ಲೆಕ್ಕ ಸರಿಯೇ ಇತ್ತು: 12 ವೋಲ್ಟ್, 150 ಆಂಪಿಯರ್-ಅವರ್, ಅಂದರೆ 1800 ವಾಟ್-ಅವರ್. ಅರ್ಧ ಮಾತ್ರ ಬಳಸಿದರೂ 300 ವಾಟಿನ ಯಂತ್ರ ಎರಡು ಗಂಟೆಗಿಂತ ಹೆಚ್ಚು ನಡೆಯಬೇಕು. ಹದಿನೆಂಟನೇ ನಿಮಿಷಕ್ಕೆ ಇನ್ವರ್ಟರ್ ಕೂಗಿಕೊಂಡು ಆರಿಹೋಯಿತು. ಅತ್ತೆ ನನ್ನ ಕೈ ಹಿಡಿದುಕೊಂಡರು. ಬಾಯಲ್ಲಿ ಮಾತಿಲ್ಲ. ನಾಲ್ಕನೇ ಮಹಡಿಯ ಮರಾಠಿ ಕಾಕೂ ಮನೆಯಲ್ಲಿ ಒಂದು ಸಿಲಿಂಡರ್ ಇತ್ತು. ಲಿಫ್ಟ್ ಇಲ್ಲ. ಯಜಮಾನರೂ ಅವರ ಮಗನೂ ಸೇರಿ ಮೆಟ್ಟಿಲಲ್ಲಿ ಇಳಿಸಿ ತಂದರು.

ಹಸಿರು ದೀಪ ಸುಳ್ಳು ಹೇಳಿದ್ದೇಕೆ ಎಂದು ಆಮೇಲೆ ಕಲಿತೆ. ಬ್ಯಾಟರಿ ಖಾಲಿಯಾಗುವಾಗ ಒಳಗಿನ ಸೀಸದ ತಟ್ಟೆಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಕರಗುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗುತ್ತದೆ. ತಳದಲ್ಲಿ ಮರಳು ತುಂಬಿದ ಕೊಡ ಬೇಗ ತುಂಬುವುದಿಲ್ಲವೇ, ಹಾಗೆ. ಅಮೆರಿಕದಲ್ಲಿ ಮನೆಯಂಥ ವ್ಯಾನು ಇಟ್ಟುಕೊಂಡವರೂ ಚಳಿಗಾಲದಲ್ಲಿ ವ್ಯಾನು ನಿಲ್ಲಿಸಿ ಇದೇ ತಪ್ಪು ಮಾಡುತ್ತಾರಂತೆ. ಅವರಿಗೆ ಪ್ರವಾಸ ಕೆಡುತ್ತದೆ, ಅಷ್ಟೇ.

ಹಾಗಾಗಿ ಊರಿಗೆ ಹೋಗುವಾಗ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ. ಮೇನ್ ಆಫ್ ಮಾಡುವುದಾದರೆ ಇನ್ವರ್ಟರನ್ನೂ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ನಿಂದ ಬ್ಯಾಟರಿಯ ತಂತಿ ಬಿಚ್ಚಿಸಿ. ಸುಮ್ಮನೆ ಇಟ್ಟರೂ ನಿಧಾನವಾಗಿ ಇಳಿಯುತ್ತದೆ, ಎರಡು-ಮೂರು ತಿಂಗಳಿಗೊಮ್ಮೆ ಚಾರ್ಜ್ ಬೇಕೇ ಬೇಕು.

ನೀರಿನ ವಿಷಯದಲ್ಲಿ ಜಗಳವೇ ನಡೆಯುತ್ತದೆ. ನಲ್ಲಿ ನೀರು ಬೇಡ, ಆರ್‌ಓ ನೀರೂ ಬೇಡ, ಡಿಸ್ಟಿಲ್ಡ್ ವಾಟರ್ ಮಾತ್ರ. ಆಸಿಡ್ ಹಾಕಬೇಡಿ. ಚಾರ್ಜಿನಲ್ಲಿ ಹಾರಿಹೋಗುವುದು ನೀರು, ಆಸಿಡ್ ಒಳಗೇ ಇರುತ್ತದೆ. ಚಾರ್ಜ್ ಆದಮೇಲೆ ತುಂಬಿ, ಮೊದಲೇ ತುಂಬಿದರೆ ಉಕ್ಕುತ್ತದೆ. ತಟ್ಟೆಗಳು ಕಾಣುವಷ್ಟು ಇಳಿದಿದ್ದರೆ ಮಾತ್ರ ಅವು ಮುಳುಗುವಷ್ಟು ಮೊದಲೇ ಹಾಕಿ. ಕಣ್ಣಿಗೆ ಕನ್ನಡಕ, ಹತ್ತಿರ ಅಡುಗೆ ಸೋಡಾ ಇರಲಿ. ಚೆಲ್ಲಿದ ಆಸಿಡ್ ಮೇಲೆ ಸೋಡಾ ಹಾಕಿ ಒರೆಸಬಹುದು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಅದಕ್ಕೇ ಮುಚ್ಚಿದ ಕಪಾಟಿನಲ್ಲಿ ಇಡಬೇಡಿ, ಪಕ್ಕದಲ್ಲಿ ನಂದಾದೀಪವಂತೂ ಬೇಡವೇ ಬೇಡ.

ತಿಂಗಳಿಗೊಮ್ಮೆ ನಾನು ಮೇನ್ ಆಫ್ ಮಾಡಿ ಫ್ಯಾನು, ಟ್ಯೂಬ್‌ಲೈಟ್ ಹಾಕಿ ಒಂದು ಗಂಟೆ ನೋಡುತ್ತೇನೆ. ಮಕ್ಕಳು ಗೊಣಗುತ್ತಾರೆ, ವೈಫೈ ಹೋಗುತ್ತದಲ್ಲ. ಹಳೇ ಬ್ಯಾಟರಿಯನ್ನು ಭಂಗಾರದವನಿಗೆ ಕೊಡಬೇಡಿ, ಆಸಿಡ್ ಗಟಾರಕ್ಕೆ ಹೋಗುತ್ತದೆ. ಮಾರುವವರೇ ವಾಪಸ್ ತೆಗೆದುಕೊಳ್ಳಬೇಕೆಂದು 2001ರಲ್ಲೇ ನಿಯಮ ಬಂದಿತ್ತು.

ಅತ್ತೆ ಈಗ ಚೆನ್ನಾಗಿದ್ದಾರೆ. ಬ್ಯಾಟರಿಯ ನೀರಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕ ಗುರುತು ಹಾಕುವವರು ಅವರೇ. ಹೈಡ್ರೋಮೀಟರ್ ತಂದಿದ್ದೇನೆ. ಪೂರ್ತಿ ಚಾರ್ಜ್ ಆದ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಅದು 1.240ರ ಆಸುಪಾಸು ತೋರಿಸಬೇಕು, ಆರೂ ಸೆಲ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ. ಹಿಡಿಯುವುದು ಹೇಗೆಂದು ನೋಡಬೇಕಾದವರು ಚಹಾ ಆದಮೇಲೆ ಕಿಟಕಿಯ ಹತ್ತಿರ ಬನ್ನಿ.