ಹನ್ನೆರಡು ಪ್ರಶ್ನೆಗಳಲ್ಲಿ ಇಲ್ಲದ ಚಳಿ



ಬ್ರಿಟನ್ನಿನ ಕನ್ನಡಿಗರು ಸೇರಿದ ಸಭೆಯಲ್ಲಿ ಅಧ್ಯಕ್ಷರ ಬಾಯಿಂದ ನಾಡು ನುಡಿಯ ಮಾತು ಮೊದಲು ಬರಬೇಕೆಂಬುದು ರೂಢಿ. ಆ ಮಾತನ್ನು ನನಗಿಂತ ಚೆನ್ನಾಗಿ ಆಡಬಲ್ಲವರು ಮುಂದಿನ ಗೋಷ್ಠಿಗಳಲ್ಲಿ ಇದ್ದಾರೆ. ನಾನು ಉತ್ತರ ಇಂಗ್ಲೆಂಡಿನ ಹಳೆಯ ಹತ್ತಿಗಿರಣಿ ಊರೊಂದರಲ್ಲಿ ಬಹುಕಾಲ ಜಿ.ಪಿ. ಆಗಿದ್ದು ನಿವೃತ್ತನಾದ ವೈದ್ಯ. ನನಗೆ ಗೊತ್ತಿರುವುದನ್ನೇ ಹೇಳುತ್ತೇನೆ. ಅಂಗವೈಕಲ್ಯ ಇರುವವರ ಮನೆಯ ಹೀಟಿಂಗ್ ಖರ್ಚಿಗೆ, ಔಷಧದ ಖರ್ಚಿಗೆ ಸಿಗಬೇಕಾದ ನೆರವು ಯಾವ ಯಾವ ನಿಯಮಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ನನ್ನ ವಿಷಯ. ನಮ್ಮ ಮೊದಲ ತಲೆಮಾರಿನವರಿಗೆ ವಯಸ್ಸಾಗಿದೆ. ಲಕ್ವ ಹೊಡೆದವರು, ಪಾರ್ಕಿನ್‌ಸನ್ಸ್ ಇರುವವರು, ಸಕ್ಕರೆ ಕಾಯಿಲೆಗೆ ಕಾಲು ಕಳೆದುಕೊಂಡವರು ನಮ್ಮ ನಮ್ಮ ಮನೆಗಳಲ್ಲೇ ಇದ್ದಾರೆ. ಗಾಲಿಕುರ್ಚಿಯಲ್ಲೇ ಬೆಳೆಯುತ್ತಿರುವ ಮಕ್ಕಳೂ ಇದ್ದಾರೆ.

ಚಳಿ ಎಲ್ಲರಿಗೂ ಒಂದೇ ಅಲ್ಲ. ಓಡಾಡುವ ಮೈ ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ದಿನವಿಡೀ ಕುರ್ಚಿಯಲ್ಲೋ ಹಾಸಿಗೆಯಲ್ಲೋ ಇರುವವರಿಗೆ ಆ ಕಾವು ಹೊರಗಿನಿಂದಲೇ ಬರಬೇಕು. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟು ಬಿದ್ದವರಿಗೆ, ನಡುಗು ಎಂದು ಮಿದುಳು ಕೊಡುವ ಅಪ್ಪಣೆಯೇ ಕೆಳಗೆ ತಲುಪುವುದಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಸ್ನಾಯುಗಳು ಚಳಿಗೆ ಸೆಟೆದುಕೊಳ್ಳುತ್ತವೆ. ಸಿಕಲ್ ಸೆಲ್ ಕಾಯಿಲೆಯವರಿಗೆ ಒಂದು ತಣ್ಣನೆಯ ರಾತ್ರಿ ಸಾಕು, ಮಾರನೆಯ ದಿನ ಆಸ್ಪತ್ರೆ ಸೇರುವಂಥ ನೋವು ಕಿತ್ತುಕೊಳ್ಳಬಹುದು. ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಬೇಕು, ವೃದ್ಧರಿಗೂ ದೀರ್ಘ ಕಾಯಿಲೆಯವರಿಗೂ ಅದಕ್ಕಿಂತ ಹೆಚ್ಚು ಬೇಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಅದಕ್ಕೂ ಮೊದಲು, 2011ರಲ್ಲಿ, ಮೈಕೆಲ್ ಮಾರ್ಮಟ್ ಅವರ ತಂಡ ತಣ್ಣನೆಯ ಮನೆಗೂ ಹೃದಯ, ಶ್ವಾಸಕೋಶ, ಮನಸ್ಸಿನ ಕಾಯಿಲೆಗಳಿಗೂ ಇರುವ ನಂಟನ್ನು ಬಿಡಿಸಿ ತೋರಿಸಿತ್ತು. ಹೀಗಾಗಿ ಹೀಟಿಂಗ್ ಬಿಲ್ಲು ಬೇರೆ, ಔಷಧದ ಚೀಟಿ ಬೇರೆ ಎಂದು ನಾನು ಒಪ್ಪುವುದಿಲ್ಲ. ಒಂದರಲ್ಲಿ ಉಳಿಸಿದ್ದು ಇನ್ನೊಂದರಲ್ಲಿ ಖರ್ಚಾಗುತ್ತದೆ.

ಈಗ ನಿಯಮಗಳಿಗೆ ಬರುತ್ತೇನೆ. ದುಡಿಯುವ ವಯಸ್ಸಿನ ಅಂಗವಿಕಲರಿಗೆ ಇರುವ ಮುಖ್ಯ ನೆರವು ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್, ಎಲ್ಲರೂ ಪಿಪ್ ಎನ್ನುವುದು. 1992ರಿಂದ ಇದ್ದ ಡಿಸೆಬಿಲಿಟಿ ಲಿವಿಂಗ್ ಅಲೋಯನ್ಸ್, ಅಂದರೆ ಡಿಎಲ್‌ಎ, ಬದಲಿಗೆ 2013ರಲ್ಲಿ ಬಂತು; ಮಕ್ಕಳಿಗೆ ಮಾತ್ರ ಡಿಎಲ್‌ಎಯೇ ಉಳಿದಿದೆ. ಸ್ಕಾಟ್ಲೆಂಡಿನಲ್ಲಿ ಇದರ ಜಾಗಕ್ಕೆ ಈಗ ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್ ಬಂದಿದೆ. ಪಿಪ್‌ಗೆ ವರಮಾನ ನೋಡುವುದಿಲ್ಲ, ಕೆಲಸದಲ್ಲಿದ್ದರೂ ಕೊಡುತ್ತಾರೆ, ತೆರಿಗೆ ಇಲ್ಲ. ವೈಕಲ್ಯದಿಂದ ಬದುಕಿಗೆ ತಗಲುವ ಹೆಚ್ಚುವರಿ ಖರ್ಚಿಗೆಂದೇ ಇದು ಇರುವುದು. ಉದ್ದೇಶ ಒಳ್ಳೆಯದು, ನಾನು ಅದನ್ನು ಗೌರವಿಸುತ್ತೇನೆ. ಆದರೆ ಅಳೆಯುವ ರೀತಿ ನೋಡಿ. ದಿನನಿತ್ಯದ ಹತ್ತು ಕೆಲಸ, ಓಡಾಟದ ಎರಡು, ಒಟ್ಟು ಹನ್ನೆರಡು ಬಾಬ್ತು. ಅಡುಗೆ ಮಾಡಿಕೊಳ್ಳಬಲ್ಲಿರಾ, ಸ್ನಾನ ಮಾಡಬಲ್ಲಿರಾ, ಬಟ್ಟೆ ಹಾಕಿಕೊಳ್ಳಬಲ್ಲಿರಾ, ಓದಬಲ್ಲಿರಾ, 20 ಮೀಟರ್ ನಡೆಯಬಲ್ಲಿರಾ ಎಂದು ಕೇಳಿ ಅಂಕ ಹಾಕುತ್ತಾರೆ. ಎಂಟು ಅಂಕಕ್ಕೆ ಸಾಮಾನ್ಯ ದರ, ಹನ್ನೆರಡಕ್ಕೆ ಮೇಲಿನ ದರ. ನಿಮ್ಮ ಮೈಗೆ ಎಷ್ಟು ಕಾವು ಬೇಕು, ಅದಕ್ಕೆ ನಿಮ್ಮ ಮನೆಯಲ್ಲಿ ಎಷ್ಟು ಗಂಟೆ ಬಾಯ್ಲರ್ ಉರಿಯಬೇಕು ಎಂಬ ಪ್ರಶ್ನೆ ಆ ಹನ್ನೆರಡರಲ್ಲಿ ಎಲ್ಲೂ ಇಲ್ಲ.

ಅಲ್ಲಿ ಕೇಳದಿದ್ದರೆ ಬೇಡ, ಹೀಟಿಂಗ್‌ಗೆಂದೇ ಬೇರೆ ನೆರವುಗಳು ಇವೆಯಲ್ಲ ಎನ್ನಬಹುದು. ಇವೆ. ಅವುಗಳ ಬಾಗಿಲು ತೆರೆಯಲು ಪಿಪ್ ಪತ್ರ ಸಾಲದು, ಬಡತನದ ರುಜುವಾತು ಬೇಕು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಕೋಲ್ಡ್ ವೆದರ್ ಪೇಮೆಂಟ್ ಅಂದರೆ ನವೆಂಬರ್ 1ರಿಂದ ಮಾರ್ಚ್ 31ರವರೆಗೆ, ನಿಮ್ಮ ಪ್ರದೇಶದಲ್ಲಿ ಸತತ ಏಳು ದಿನ ಸರಾಸರಿ ಉಷ್ಣಾಂಶ ಸೊನ್ನೆಗೋ ಅದಕ್ಕಿಂತ ಕೆಳಕ್ಕೋ ಇಳಿದರೆ 25 ಪೌಂಡ್. ಮೂರು ನಾಲ್ಕು ಡಿಗ್ರಿಯ ಒದ್ದೆ ಚಳಿ ತಿಂಗಳುಗಟ್ಟಲೆ ಮೂಳೆ ಕೊರೆದರೂ ಲೆಕ್ಕಕ್ಕಿಲ್ಲ. ಕಡಿಮೆ ವರಮಾನದವರ ನೆರವಾದ ಯೂನಿವರ್ಸಲ್ ಕ್ರೆಡಿಟ್ ಪಡೆಯುವ ಅಂಗವಿಕಲರಿಗೆ ಇದು ಸಿಗಬೇಕಾದರೆ ಕೆಲಸ ಮಾಡುವ ಸಾಮರ್ಥ್ಯ ಸೀಮಿತವಾಗಿದೆ ಎಂಬ ತೀರ್ಮಾನ ಆಗಿರಬೇಕು, ಜೊತೆಗೆ ಅವರು ದುಡಿಮೆಯಲ್ಲಿ ಇರಬಾರದು. ಮನೆಯಲ್ಲಿ ಅಂಗವಿಕಲ ಮಗುವೋ ಐದು ವರ್ಷದೊಳಗಿನ ಕೂಸೋ ಇದ್ದರೆ ನಿಯಮ ಬೇರೆ. ಹೇಗೋ ಧೈರ್ಯ ಮಾಡಿ ವಾರಕ್ಕೆ ನಾಲ್ಕು ಗಂಟೆ ಕೆಲಸಕ್ಕೆ ಹೋದವರ ಕೈಯಿಂದ ಆ 25 ಪೌಂಡನ್ನು ಕಿತ್ತುಕೊಳ್ಳುವ ನಿಯಮ ಯಾರಿಗೆ ಒಳ್ಳೆಯದು ಮಾಡುತ್ತದೆಯೋ ನನಗೆ ಅರ್ಥವಾಗಿಲ್ಲ.

ವಾರ್ಮ್ ಹೋಮ್ ಡಿಸ್ಕೌಂಟ್‌ನ ಕಥೆ ಇನ್ನೂ ಸಂಕಟದ್ದು. ವಿದ್ಯುತ್ ಬಿಲ್ಲಿನಲ್ಲಿ 150 ಪೌಂಡ್ ಕಡಿತ. 2022ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಿಯಮ ಬದಲಾದಾಗ ಪಿಪ್, ಡಿಎಲ್‌ಎ, ಅಟೆಂಡೆನ್ಸ್ ಅಲೋಯನ್ಸ್ ಮಾತ್ರ ಪಡೆಯುವವರನ್ನು ಅರ್ಹರ ಪಟ್ಟಿಯಿಂದ ಹೊರಗಿಟ್ಟರು. ವರಮಾನ ಆಧಾರಿತ ನೆರವು ಪಡೆಯುವವರಿಗೆ ಕೂಡ ಮನೆಯ ವಯಸ್ಸು, ವಿಸ್ತೀರ್ಣ, ಬಗೆ ನೋಡಿ ಇದು ಬಿಸಿ ಮಾಡಲು ದುಬಾರಿಯ ಮನೆಯೋ ಅಲ್ಲವೋ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತಿತ್ತು. ಒಳಗೆ ಇರುವ ಮನುಷ್ಯನನ್ನು ಅದು ನೋಡಲಿಲ್ಲ. 2025ರ ಚಳಿಗಾಲಕ್ಕೆ ಮನೆಯ ಲೆಕ್ಕವನ್ನು ಕೈಬಿಟ್ಟು ಲಕ್ಷಾಂತರ ಕುಟುಂಬಗಳನ್ನು ಒಳಗೆ ತಂದರು, ಸಂತೋಷ. ಪಿಪ್ ಒಂದನ್ನೇ ನಂಬಿದವರು ಮಾತ್ರ ಹೊಸ್ತಿಲಾಚೆಯೇ ಉಳಿದರು. ಇನ್ನು ವಿಂಟರ್ ಫ್ಯೂಯಲ್ ಪೇಮೆಂಟ್. 1997ರಲ್ಲಿ ಶುರುವಾದದ್ದು, 2024ರಲ್ಲಿ ಕಡಿಮೆ ವರಮಾನದ ಹಿರಿಯರಿಗಿರುವ ಪೆನ್ಷನ್ ಕ್ರೆಡಿಟ್‌ನಂಥ ನೆರವು ಪಡೆಯುವವರಿಗಷ್ಟೇ ಎಂದು ಕತ್ತರಿಸಿದರು, ಗದ್ದಲವಾದ ಮೇಲೆ 2025ರಲ್ಲಿ ವರ್ಷಕ್ಕೆ 35,000 ಪೌಂಡ್‌ವರೆಗೆ ವರಮಾನ ಇರುವ ಹಿರಿಯರಿಗೆ ಮರಳಿಸಿದರು. ಆ ಗದ್ದಲದಲ್ಲಿ ಒಂದು ಮಾತು ಯಾರ ಕಿವಿಗೂ ಬೀಳಲಿಲ್ಲ. ಅರವತ್ತು ತುಂಬದ ಅಂಗವಿಕಲರಿಗೆ ಈ ನೆರವು ಎಂದೂ ಇರಲೇ ಇಲ್ಲ.

ಔಷಧದ ವಿಷಯ ನನ್ನ ಮೇಜಿನ ಮೇಲೆ ದಿನಾ ಬರುತ್ತಿದ್ದದ್ದು. ವೇಲ್ಸ್ 2007ರಲ್ಲಿ, ಉತ್ತರ ಐರ್ಲೆಂಡ್ 2010ರಲ್ಲಿ, ಸ್ಕಾಟ್ಲೆಂಡ್ 2011ರಲ್ಲಿ ಪ್ರಿಸ್ಕ್ರಿಪ್ಷನ್ ಶುಲ್ಕ ತೆಗೆದುಹಾಕಿದವು. ಇಂಗ್ಲೆಂಡಿನಲ್ಲಿ 2024ರ ಮೇನಿಂದ ಒಂದು ಔಷಧಕ್ಕೆ 9 ಪೌಂಡ್ 90 ಪೆನ್ಸ್. ಪಿಪ್ ಇದ್ದರೆ ಔಷಧ ಉಚಿತ ಎಂದು ನಂಬಿ ಫಾರ್ಮಿನಲ್ಲಿ ಗುರುತು ಹಾಕಿದವರಿಗೆ ಆಮೇಲೆ 100 ಪೌಂಡ್‌ವರೆಗೆ ದಂಡದ ಕಾಗದ ಬರುತ್ತದೆ. ಅಂಥ ಕಾಗದ ಹಿಡಿದು ಬಂದವರ ಮುಖ ನಾನು ನೋಡಿದ್ದೇನೆ. ಕಳ್ಳತನದ ಆರೋಪ ಹೊತ್ತವರಂತೆ ಕುಗ್ಗಿ ಹೋಗಿರುತ್ತಿದ್ದರು. ಯಾವ ಕಾಯಿಲೆಗೆ ಉಚಿತ ಎಂಬ ಪಟ್ಟಿ ಆದದ್ದು 1968ರಲ್ಲಿ. 2009ರಲ್ಲಿ ಕ್ಯಾನ್ಸರ್ ಸೇರಿತು, ಮಿಕ್ಕದ್ದು ಹೆಚ್ಚು ಕಡಿಮೆ ಹಾಗೇ ಇದೆ. ಥೈರಾಯ್ಡ್ ಕೊರತೆಗೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವ ರೋಗಿಗೆ ಎಲ್ಲ ಔಷಧವೂ ಉಚಿತ. ಆಸ್ತಮಾ, ಪಾರ್ಕಿನ್‌ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್, ಸಿಕಲ್ ಸೆಲ್ ಪಟ್ಟಿಯಲ್ಲಿ ಇಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಕೂಡ ಇಲ್ಲ, ಆ ಕಾಲದಲ್ಲಿ ಆ ಮಕ್ಕಳು ದೊಡ್ಡವರಾಗುವುದೇ ಅಪರೂಪವಾಗಿತ್ತು. ಈಗ ಅವರು ದೊಡ್ಡವರಾಗಿ, ಕೆಲಸಕ್ಕೆ ಹೋಗಿ, ಶುಲ್ಕ ಕಟ್ಟುತ್ತಿದ್ದಾರೆ.

ಆ ಪಟ್ಟಿಯಲ್ಲಿ ಒಂದು ಸಾಲು ಇದೆ, ದಯವಿಟ್ಟು ಬರೆದುಕೊಳ್ಳಿ. ಇನ್ನೊಬ್ಬರ ಸಹಾಯವಿಲ್ಲದೆ ಮನೆಯಿಂದ ಹೊರಗೆ ಹೋಗಲಾಗದಂಥ ನಿರಂತರ ದೈಹಿಕ ವೈಕಲ್ಯ ಇದ್ದರೆ, ಕಾಯಿಲೆಯ ಹೆಸರು ಏನೇ ಇರಲಿ, ವಿನಾಯಿತಿ ಉಂಟು. ಜಿ.ಪಿ. ಸರ್ಜರಿಯಲ್ಲಿ ಎಫ್‌ಪಿ92ಎ ಎಂಬ ಫಾರ್ಮ್ ಕೇಳಿ, ವೈದ್ಯರ ಸಹಿ ಆದರೆ ಐದು ವರ್ಷದ ಸರ್ಟಿಫಿಕೇಟ್ ಬರುತ್ತದೆ. ಅದು ಹಲ್ಲಿನ ಖರ್ಚಿಗೆ, ಕನ್ನಡಕಕ್ಕೆ ನಡೆಯುವುದಿಲ್ಲ. ಅದಕ್ಕೆ ಕಡಿಮೆ ವರಮಾನದವರಿಗಿರುವ ಎಚ್‌ಸಿ1 ಅರ್ಜಿ ಹಾಕಬೇಕು, ಉಳಿತಾಯ 16,000 ಪೌಂಡ್ ಮೀರಬಾರದು.

ಯೂನಿವರ್ಸಲ್ ಕ್ರೆಡಿಟ್ ಇದ್ದವರಿಗೆ ಔಷಧ ಉಚಿತವಾಗಬೇಕಾದರೆ ತಿಂಗಳ ಗಳಿಕೆ 435 ಪೌಂಡ್ ಮೀರಬಾರದು. ಸೀಮಿತ ಸಾಮರ್ಥ್ಯದ ತೀರ್ಮಾನದಿಂದ ಸಿಗುವ ಹೆಚ್ಚುವರಿ ಭಾಗವೋ ಮಗುವಿನ ಭಾಗವೋ ಸೇರಿದ್ದರೆ ಆ ಮಿತಿ 935ಕ್ಕೆ ಏರುತ್ತದೆ. ಅಂದರೆ ಕೆಲಸದ ಸಾಮರ್ಥ್ಯದ ಬಗ್ಗೆ ಒಬ್ಬ ಅಪರಿಚಿತ ಅಧಿಕಾರಿ ಮಾಡುವ ಒಂದೇ ತೀರ್ಮಾನಕ್ಕೆ ಹಣ, ಚಳಿಯ ನೆರವು, ಔಷಧ ಮೂರೂ ಜೋತುಬಿದ್ದಿವೆ. ಸ್ವೆಟರಿನ ಒಂದು ಎಳೆ ಹಿಡಿದು ಎಳೆದರೆ ತೋಳು ಪೂರ್ತಿ ಬಿಚ್ಚಿಕೊಳ್ಳುವ ಹಾಗೆ. ಅಂಥ ಹೊತ್ತಿನಲ್ಲಿ 2025ರ ಕಾನೂನು, ತೀವ್ರ ಕಾಯಿಲೆಯವರನ್ನೂ ಕೊನೆಗಾಲದಲ್ಲಿರುವವರನ್ನೂ ಬಿಟ್ಟು, 2026ರ ಏಪ್ರಿಲ್‌ನಿಂದ ಹೊಸದಾಗಿ ಬರುವವರಿಗೆ ಯೂನಿವರ್ಸಲ್ ಕ್ರೆಡಿಟ್‌ನ ಆರೋಗ್ಯದ ಹೆಚ್ಚುವರಿ ಭಾಗವನ್ನು ಸುಮಾರು ಅರ್ಧಕ್ಕೆ ಇಳಿಸಿತು. ಸಂಸದರು ತಿರುಗಿಬಿದ್ದದ್ದರಿಂದ ಪಿಪ್ ನಿಯಮಗಳ ಬಿಗಿತ ಆ ಸಲ ತಪ್ಪಿತು.

ನಮ್ಮ ಮನೆಗಳಿಗೆ ನೇರವಾಗಿ ತಾಗುವ ಮಾತಿಗೆ ಬರುತ್ತೇನೆ. ಪಿಂಚಣಿ ವಯಸ್ಸು ದಾಟಿದ ಮೇಲೆ ವೈಕಲ್ಯ ಬಂದವರಿಗೆ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಅಟೆಂಡೆನ್ಸ್ ಅಲೋಯನ್ಸ್ ಇದೆ. ಯಾರಾದರೂ ನೋಡಿಕೊಳ್ಳುತ್ತಿರಲೇಬೇಕು ಎಂದಿಲ್ಲ, ನೋಡಿಕೊಳ್ಳುವ ಅಗತ್ಯ ಇದ್ದರೆ ಸಾಕು. ಇದು ವರಮಾನ ಎಂದು ಲೆಕ್ಕಕ್ಕೆ ಬರುವುದಿಲ್ಲ. ಬದಲಾಗಿ ಒಂಟಿಯಾಗಿರುವ ಹಿರಿಯರಿಗೆ ಇದರಿಂದಲೇ ಪೆನ್ಷನ್ ಕ್ರೆಡಿಟ್‌ನಲ್ಲಿ ತೀವ್ರ ವೈಕಲ್ಯದ ಹೆಚ್ಚುವರಿ ಮೊತ್ತ ಸೇರಿ, ಮೊದಲು ಅರ್ಹರಲ್ಲದವರೂ ಅರ್ಹರಾಗಬಹುದು. ಪೆನ್ಷನ್ ಕ್ರೆಡಿಟ್ ಬಂತೆಂದರೆ 150 ಪೌಂಡಿನ ಬಿಲ್ ಕಡಿತ, ಕೋಲ್ಡ್ ವೆದರ್ ಪೇಮೆಂಟ್ ಹಿಂದೆಯೇ ಬರುತ್ತವೆ. ಗ್ಯಾರಂಟಿ ಕ್ರೆಡಿಟ್ ಆದರೆ ಹಲ್ಲಿನ ಚಿಕಿತ್ಸೆಯೂ ಉಚಿತ. ಆದರೆ ಅದೇ ತಾಯಿ ದುಡಿಯುವ ಮಗನ ಜೊತೆ ಒಂದೇ ಸೂರಿನಡಿ ಇದ್ದರೆ ಆ ಹೆಚ್ಚುವರಿ ಮೊತ್ತ ಸಾಮಾನ್ಯವಾಗಿ ಸಿಗುವುದಿಲ್ಲ. ಸೊಸೆಯೋ ಮಗಳೋ ಆಕೆಯನ್ನು ನೋಡಿಕೊಳ್ಳುವುದಕ್ಕೆ ಕೇರರ್ಸ್ ಅಲೋಯನ್ಸ್ ಪಡೆದರೂ ಇಲ್ಲ. ತಾಯಿಯನ್ನು ಜೊತೆಗಿಟ್ಟುಕೊಂಡ ಮನೆಗೆ ಈ ನಿಯಮ ದಂಡ ಹಾಕುತ್ತದೆ. ಕೂಡಿ ಬಾಳುವ ನಮ್ಮಂಥ ಸಮುದಾಯಗಳಿಗೆ ಇದರಿಂದ ಎಷ್ಟು ನಷ್ಟ ಎಂದು ನಾವು ಒಮ್ಮೆಯೂ ಗಟ್ಟಿಯಾಗಿ ಕೇಳಿಲ್ಲ.

ಕೇಳದಿರಲು ಒಂದು ಕಾರಣ ಸಂಕೋಚ. ದುಡಿದು ಉಣ್ಣುವವರು ನಾವು, ಸರಕಾರದ ಮುಂದೆ ಕೈಚಾಚುವುದೇ ಎಂದು ಹಿರಿಯರು ಅರ್ಜಿಯನ್ನೇ ಹಾಕುವುದಿಲ್ಲ. ನಾಲ್ಕು ದಶಕ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದವರು ಯಾರ ಮುಂದೆಯೂ ಕೈಚಾಚುತ್ತಿಲ್ಲ. ಇನ್ನೊಂದು ಕಾರಣ ವೀಸಾ. ಕೆಲಸದ ವೀಸಾದಲ್ಲಿ ಬಂದ ಕಿರಿಯರಿಗೆ ಸಾರ್ವಜನಿಕ ನಿಧಿಯ ನೆರವು ಇಲ್ಲ ಎಂಬ ಷರತ್ತು ಇರುತ್ತದೆ. ಐಟಿ ಕೆಲಸದವರು 2024ರ ಫೆಬ್ರವರಿಯಿಂದ ವಯಸ್ಕರೊಬ್ಬರಿಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿದರೂ ಅವರ ಅಂಗವಿಕಲ ಮಗುವಿಗೆ ಡಿಎಲ್‌ಎ ಕೇಳುವಂತಿಲ್ಲ. ಅಂಥವರು ಎಚ್‌ಸಿ1 ಅರ್ಜಿ ಹಾಕಬಹುದು, ಅದು ಆ ನಿಷೇಧದೊಳಗೆ ಬರುವುದಿಲ್ಲ. ವಿದ್ಯುತ್ ಕಂಪನಿಯ ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರ್‌ಗೆ ಹೆಸರು ಕೊಡುವುದಕ್ಕೂ ಯಾವ ಬೆನಿಫಿಟ್ ಪತ್ರವೂ ಬೇಕಿಲ್ಲ.

ನನ್ನ ಒತ್ತಾಯ ಇಷ್ಟು: ಒಬ್ಬರ ವೈಕಲ್ಯವನ್ನು ಸರಕಾರವೇ ಪರೀಕ್ಷಿಸಿ, ಒಪ್ಪಿ, ಪತ್ರ ಕೊಟ್ಟ ಮೇಲೆ ಬಿಸಿಗೂ ಔಷಧಕ್ಕೂ ಆ ಪತ್ರವೇ ಸಾಕಾಗಬೇಕು. ಇದು ಆಗದ ಮಾತಲ್ಲ. ಸ್ಕಾಟ್ಲೆಂಡ್ 2020ರಿಂದ, ಮೇಲಿನ ದರದ ವೈಕಲ್ಯ ನೆರವು ಪಡೆಯುವ ಮಕ್ಕಳ ಮನೆಗಳಿಗೆ ಚಳಿಗಾಲದ ಹೀಟಿಂಗ್ ಹಣವನ್ನು ತಾನಾಗಿಯೇ ಕಳಿಸುತ್ತಿದೆ. 200 ಪೌಂಡಿನಿಂದ ಶುರುವಾದದ್ದು, ತಂದೆತಾಯಿಯ ವರಮಾನ ಕೇಳುವುದಿಲ್ಲ. ಮನೆಯಲ್ಲಿ ಆಕ್ಸಿಜನ್ ಕಾನ್ಸೆಂಟ್ರೇಟರ್ ಇರುವವರಿಗೆ ಅದರ ವಿದ್ಯುತ್ ಖರ್ಚು ವಾಪಸ್ ಬರುತ್ತದೆ. ಆರೈಕೆಗೆ ಕೌನ್ಸಿಲ್ ಶುಲ್ಕ ಲೆಕ್ಕ ಹಾಕುವಾಗ ಸರಾಸರಿಗಿಂತ ಹೆಚ್ಚಾದ ಹೀಟಿಂಗ್ ಬಿಲ್ಲನ್ನು ವೈಕಲ್ಯದ ಖರ್ಚೆಂದು ಬಿಟ್ಟುಕೊಡಬೇಕೆಂದು 2014ರ ಕೇರ್ ಆಕ್ಟ್‌ನ ಮಾರ್ಗಸೂಚಿಯೇ ಹೇಳುತ್ತದೆ. ಬಿಲ್ಲುಗಳನ್ನು ಜೋಪಾನ ಮಾಡಿ ತೋರಿಸಿ. ತಾಯ್ನಾಡಿನಲ್ಲಿ ಕೂಡ 2016ರ ಅಂಗವಿಕಲರ ಹಕ್ಕುಗಳ ಕಾನೂನಿನ 24ನೇ ಕಲಂ, ಅಂಗವಿಕಲರಿಗೆ ಕೊಡುವ ನೆರವು ಇತರರಿಗೆ ಅಂಥದ್ದೇ ಯೋಜನೆಯಲ್ಲಿ ಕೊಡುವುದಕ್ಕಿಂತ ಶೇಕಡಾ 25ರಷ್ಟಾದರೂ ಹೆಚ್ಚಿರಬೇಕು ಎಂದು ಬರೆದಿಟ್ಟಿದೆ. ವೈಕಲ್ಯದ ಬದುಕಿಗೆ ಖರ್ಚು ಜಾಸ್ತಿ ಎಂಬುದನ್ನು ಅಲ್ಲಿನ ಕಾನೂನು ಬಾಯಿಬಿಟ್ಟು ಒಪ್ಪಿದೆ.

ಸರ್ ಸ್ಟೀಫನ್ ಟಿಮ್ಸ್ ಅವರ ನೇತೃತ್ವದಲ್ಲಿ ಪಿಪ್‌ನ ಮರುಪರಿಶೀಲನೆಯನ್ನು ಈ ಸರಕಾರ ಕೈಗೊಂಡಿದೆ. ಮೈ ಬೆಚ್ಚಗಿಟ್ಟುಕೊಳ್ಳುವುದು ಹದಿಮೂರನೆಯ ಬಾಬ್ತಾಗಬೇಕು, 1968ರ ಪಟ್ಟಿಯನ್ನು ಹೊಸದಾಗಿ ಬರೆಯಬೇಕು, ಜೊತೆಯಲ್ಲಿ ಬಾಳುವ ಕುಟುಂಬಕ್ಕೆ ಕಡಿತ ಇರಬಾರದು ಎಂಬ ನಿರ್ಣಯವನ್ನು ಇಂದು ಸಂಜೆಯ ಬಹಿರಂಗ ಅಧಿವೇಶನದಲ್ಲಿ ಮಂಡಿಸಲು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ. ನಿರ್ಣಯ ಅಂಗೀಕಾರವಾದರೆ ಪ್ರತಿಯೊಬ್ಬರೂ ಅದರ ಪ್ರತಿಯನ್ನು ತಮ್ಮ ತಮ್ಮ ಕ್ಷೇತ್ರದ ಸಂಸದರಿಗೆ ಸ್ವಂತ ಹೆಸರಿನಲ್ಲಿ ಕಳಿಸಬೇಕು. ಊಟದ ಹಾಲಿನ ಪಕ್ಕದ ಕೋಣೆಯಲ್ಲಿ ಅಟೆಂಡೆನ್ಸ್ ಅಲೋಯನ್ಸ್ ಮತ್ತು ಎಚ್‌ಸಿ1 ಅರ್ಜಿಗಳನ್ನು ಕನ್ನಡದಲ್ಲೇ ವಿವರಿಸಿ ತುಂಬಿಕೊಡಲು ನಮ್ಮ ಸ್ವಯಂಸೇವಕರು ನಾಳೆ ಮಧ್ಯಾಹ್ನದವರೆಗೂ ಕೂತಿರುತ್ತಾರೆ. ಮನೆಯಲ್ಲಿರುವ ಹಿರಿಯರ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆಯನ್ನೂ ಔಷಧಗಳ ಪಟ್ಟಿಯನ್ನೂ ಇವತ್ತು ರಾತ್ರಿ ಫೋನಿನಲ್ಲಿ ಕೇಳಿ ಬರೆದುಕೊಂಡು ಬನ್ನಿ. ನಾನೂ ಅಲ್ಲೇ ಇರುತ್ತೇನೆ.