ಕಾಗದ ನಮ್ಮ ಹೆಸರಿನಲ್ಲಿರಲಿ



ರೊಟ್ಟಿ ಬಡಿಯುವುದು ನಮಗೆ ಗೊತ್ತು. ಶೇಂಗಾ ಚಟ್ನಿ ಕುಟ್ಟುವುದು ಗೊತ್ತು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡುವುದೂ ಗೊತ್ತು. ಮನೆಮಂದಿಗೆ ಮಾಡಿ ಬಡಿಸಿದರೆ ಯಾರೂ ಕಾಗದ ಕೇಳುವುದಿಲ್ಲ. ಅದನ್ನೇ ಮಾಡಿ ಮಾರಲು ಹೊರಟರೆ ಒಂದು ಕಾಗದ ಬೇಕು. ಅದೇ ಆಹಾರ ನೋಂದಣಿ ಪತ್ರ.

"ನಾವು ಮಾಡೋದು ನಾಲ್ಕು ಕಿಲೋ ಹಪ್ಪಳ. ನಮಗ್ಯಾಕೆ ಇದೆಲ್ಲ?" ಎಂದು ಕೇಳಬಹುದು. 2006ರಲ್ಲಿ ನಮ್ಮ ದೇಶದಲ್ಲಿ ಒಂದು ಕಾನೂನು ಆಯಿತು. ಅದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಆಹಾರದ ದೊಡ್ಡ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ನಮ್ಮಂಥ ಸಣ್ಣ ವ್ಯಾಪಾರದವರು ನೋಂದಣಿ ಮಾಡಿಸಿದರೆ ಸಾಕು.

ಇದರಿಂದ ನಮಗೇನು ಲಾಭ? ನೋಂದಣಿ ಇಲ್ಲದಿದ್ದರೆ ಅಂಗಡಿಯವರು ಮಾಲು ಬೇಡ ಅನ್ನಬಹುದು. ಇಲ್ಲವೇ ಕಡಿಮೆ ಬೆಲೆಗೆ ಕೊಂಡು, ತಮ್ಮ ಚೀಟಿ ಅಂಟಿಸಿ ಮಾರಬಹುದು. ದುಡಿದ ಕೈ ನಮ್ಮದು, ಹೆಸರು ಇನ್ನೊಬ್ಬರದು!

ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಬೇಕು. ಫೋಟೋ ಬೇಕು. ಗುರುತಿನ ಚೀಟಿ ಬೇಕು. ಗೊತ್ತಾಗದಿದ್ದರೆ ಆಹಾರ ಸುರಕ್ಷತಾ ಅಧಿಕಾರಿಯನ್ನು ಕೇಳೋಣ. 2011ರಲ್ಲಿ ನಿಯಮ ಬಂದಾಗ ನೋಂದಣಿ ಶುಲ್ಕ ವರ್ಷಕ್ಕೆ 100 ರೂಪಾಯಿ ಎಂದು ಗೊತ್ತು ಮಾಡಿದರು. ನಡುವಿನವರು ಸಾವಿರಗಟ್ಟಲೆ ಕೇಳಿದರೆ, "ಸರ್ಕಾರದ ಶುಲ್ಕ ಎಷ್ಟು? ರಸೀದಿ ಕೊಡ್ರಿ" ಎನ್ನೋಣ.

ಅರ್ಜಿಯಲ್ಲಿ ಹೆಸರು ಬರೆಯುವ ಜಾಗ ಬರುತ್ತದೆ. ಅಲ್ಲಿ ಎಷ್ಟೋ ಹೆಂಗಸರ ಕೈ ನಿಲ್ಲುತ್ತದೆ. "ಮನೆ ಯಜಮಾನರ ಹೆಸರು ಬರೀರಿ" ಎನ್ನುವವರು ಇದ್ದಾರೆ. ಒಲೆ ಮುಂದೆ ಕೂತವರು ಯಾರು? ವ್ಯಾಪಾರ ಮಾಡುವವರು ಯಾರು? ನಾವೇ ಅಲ್ಲವೇ? ಹಾಗಾದರೆ ನಮ್ಮ ಹೆಸರನ್ನೇ ಬರೆಸೋಣ. ಓದದೆ ಸಹಿ ಹಾಕುವುದು ಬೇಡ. ಹೆಬ್ಬೆಟ್ಟು ಒತ್ತುವುದಂತೂ ಬೇಡವೇ ಬೇಡ.

ಕಾಗದ ಕೈಗೆ ಬಂದ ಮೇಲೆ ಓದೋಣ. ಹೆಸರು ಸರಿಯಿದೆಯೇ? ಊರು ಸರಿಯಿದೆಯೇ? ನೋಂದಣಿ ಸಂಖ್ಯೆಯಲ್ಲಿ 14 ಅಂಕಿ ಇರುತ್ತವೆ. ಬೆರಳಿಟ್ಟು ಎಣಿಸೋಣ.

ಪೊಟ್ಟಣ ಕಟ್ಟಿ ಮಾರುವಾಗ ಚೀಟಿ ಅಂಟಿಸಬೇಕು. ಚೀಟಿಯಲ್ಲಿ ಏನೇನು ಇರಬೇಕು? ತಿಂಡಿಯ ಹೆಸರು. ಅದಕ್ಕೆ ಹಾಕಿದ ಸಾಮಾನುಗಳ ಹೆಸರು. ತೂಕ. ಬೆಲೆ. ಮಾಡಿದ ದಿನ. ಎಂದಿನವರೆಗೆ ತಿನ್ನಬಹುದು ಎಂಬ ದಿನ. ಮಾಡಿದವರ ಹೆಸರು, ವಿಳಾಸ. ಆ 14 ಅಂಕಿಯ ಸಂಖ್ಯೆ. ಸಸ್ಯಾಹಾರವಾದರೆ ಹಸಿರು ಗುರುತು.

ಇನ್ನೆರಡು ಮಾತು. ತೂಗುವ ತಕ್ಕಡಿಗೆ, ಬಟ್ಟಿಗೆ ಸರ್ಕಾರದ ಮುದ್ರೆ ಇರಬೇಕು. ಖಾರ ಕುಟ್ಟುವ ಯಂತ್ರವನ್ನೋ ಹಿಟ್ಟಿನ ಗಿರಣಿಯನ್ನೋ ಮನೆಯಲ್ಲಿ ಹಾಕುವುದಾದರೆ, ಕೊಳ್ಳುವ ಮುಂಚೆಯೇ ಪಂಚಾಯಿತಿಯಲ್ಲಿ ಮತ್ತು ಕರೆಂಟ್ ಆಫೀಸಿನಲ್ಲಿ ಕೇಳೋಣ. ಹಣ ಹಾಕಿದ ಮೇಲೆ ಬೇಡ ಎಂದರೆ ನಷ್ಟ ನಮಗೇ.

ನೋಂದಣಿ ಪತ್ರವನ್ನು ಟ್ರಂಕಿನ ತಳದಲ್ಲಿ ಬಚ್ಚಿಡುವುದು ಬೇಡ. ಎಲ್ಲರಿಗೂ ಕಾಣುವಂತೆ ಹಾಕಬೇಕು ಎಂದು ನಿಯಮವೇ ಹೇಳುತ್ತದೆ. ಅಡುಗೆ ಮಾಡುವ ಜಾಗದಲ್ಲಿ ಗೋಡೆಗೆ ತೂಗುಹಾಕೋಣ. ಬಂದವರು ನಮ್ಮ ಹೆಸರು ಓದಲಿ. ನಾವೂ ದಿನಾ ಓದೋಣ.