ಹದಿನಾಲ್ಕು ದಿನಗಳ ಮನೆ

(ಸಂಘದ ಮಹಿಳಾ ವಿಭಾಗದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



‘ಹೊರನಾಡಿನ ಮನೆಯಲ್ಲಿ ಕನ್ನಡ’ ಎಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಮಹಿಳಾ ವಿಭಾಗದ ಗೆಳತಿಯರು ನನಗೆ ಆದೇಶವಿತ್ತಿದ್ದಾರೆ. ನಾನು ಲೇಖಕಿಯಲ್ಲ, ವಿದುಷಿಯೂ ಅಲ್ಲ. ಡೊಂಬಿವಲಿಯ ಎರಡು ಕೋಣೆಗಳ ಮನೆಯೊಂದರ ಗೃಹಿಣಿ. ನಾನು ಅಧಿಕಾರದಿಂದ ಮಾತನಾಡಬಲ್ಲದ್ದು ನನ್ನ ಮನೆಯ ವಿಷಯವನ್ನು ಮಾತ್ರ. ಆ ಮನೆಯಲ್ಲಿ ವರ್ಷದ ಅರ್ಧ ಭಾಗ ನಾವಿಬ್ಬರು ಇರುತ್ತೇವೆ, ಇನ್ನರ್ಧ ಭಾಗ ನಾನೊಬ್ಬಳೇ ಇರುತ್ತೇನೆ. ಆ ಎರಡನೆಯ ಅರ್ಧದಿಂದ ಕಲಿತದ್ದನ್ನೇ ಇಂದು ತಮ್ಮ ಮುಂದಿಡಲು ಬಯಸುತ್ತೇನೆ.

ನನ್ನ ಪತಿ ಸಮುದ್ರದ ಮೇಲೆ ಕೆಲಸ ಮಾಡುವವರು. ಮುಂಬಯಿಯಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ಇರುವ ಬಾಂಬೆ ಹೈ ತೈಲಕ್ಷೇತ್ರವನ್ನು ತಾವು ಬಲ್ಲಿರಿ. 1974ರಲ್ಲಿ ಅಲ್ಲಿ ತೈಲ ದೊರೆಯಿತು, 1976ರಲ್ಲಿ ಉತ್ಪಾದನೆ ಆರಂಭವಾಯಿತು. ಸಮುದ್ರದ ತಳದಿಂದ ಎದ್ದ ಉಕ್ಕಿನ ಕಾಲುಗಳ ಮೇಲೆ ಕಟ್ಟಿದ ವೇದಿಕೆಗಳಲ್ಲಿ ಯಂತ್ರಗಳೊಡನೆ ಮನುಷ್ಯರೂ ವಾಸಿಸುತ್ತಾರೆ. 14 ದಿನ ಅಲ್ಲಿ, 14 ದಿನ ಮನೆಯಲ್ಲಿ. ಇದು ಅವರ ಸರದಿ. ಜುಹುವಿನಿಂದ ಹೆಲಿಕಾಪ್ಟರು ಅವರನ್ನು ಕರೆದೊಯ್ಯುತ್ತದೆ, ಮರಳಿ ತರುತ್ತದೆ. ಮಳೆಗಾಲದಲ್ಲಿ ಹವೆ ಕೆಟ್ಟರೆ 14 ಎಂಬುದು 15 ಅಥವಾ 16 ಆಗುವುದೂ ಉಂಟು. ನಮ್ಮ ಮದುವೆಯಾಗಿ 26 ವರ್ಷಗಳಾದವು. ಲೆಕ್ಕ ಹಾಕಿ ನೋಡಿದರೆ ಅದರಲ್ಲಿ 13 ವರ್ಷ ಅವರು ಮನೆಯಲ್ಲಿಲ್ಲ. ಮಗಳು ಚಿಕ್ಕವಳಿದ್ದಾಗ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಅವಳು ನರ್ಸಿಂಗ್ ಓದಲೆಂದು ಪುಣೆಗೆ ಹೋಗಿ, ಅಲ್ಲಿಯೇ ಕೆಲಸಕ್ಕೆ ಸೇರಿದ ಮೇಲೆ ಮನೆ ನಿಜವಾಗಿ ಮೌನವಾಯಿತು.

ಆ ಮೌನ ಒಮ್ಮೆಗೇ ಬರುವುದಿಲ್ಲ. ಅವರು ಹೊರಟ ದಿನ ಮನೆಯನ್ನು ಓರಣಗೊಳಿಸುವುದರಲ್ಲಿ ಕಳೆಯುತ್ತದೆ. ಎರಡನೆಯ ದಿನ ಒಂದು ಬಗೆಯ ಬಿಡುವು. ನಿಜ ಹೇಳಬೇಕೆಂದರೆ ಸಂತೋಷವೇ. ಮಾಡಿದ ಸಾರನ್ನೇ ಎರಡು ದಿನ ಉಣ್ಣಬಹುದು, ರಾತ್ರಿ ಅವಲಕ್ಕಿ ಮೊಸರಿನಲ್ಲಿ ಮುಗಿಸಬಹುದು. ಮೂರನೆಯ ದಿನದಿಂದ ಮನೆಯ ಸದ್ದುಗಳು ಕೇಳತೊಡಗುತ್ತವೆ: ದೂರದ ಲೋಕಲ್ ರೈಲು, ಮೇಲಿನ ಮನೆಯ ಮಿಕ್ಸರು, ಮಧ್ಯಾಹ್ನ ಮೂರು ಗಂಟೆಗೆ ನಲ್ಲಿಯಲ್ಲಿ ನೀರು ನಿಲ್ಲುವ ಸದ್ದು.

ಇಂಥ ಒಂದು ನಾಲ್ಕನೆಯ ದಿನದ ಸಂಜೆ ನನಗೊಂದು ಸಂಗತಿ ಹೊಳೆಯಿತು. ತರಕಾರಿಯವನೊಡನೆ ಮರಾಠಿ, ಗ್ಯಾಸ್ ಸಿಲಿಂಡರ್ ತಂದವನೊಡನೆ ಹಿಂದಿ, ಬ್ಯಾಂಕಿನಿಂದ ಬಂದ ಫೋನಿಗೆ ಇಂಗ್ಲಿಷು, ನೆರೆಮನೆಯ ತಾಯಿಯೊಡನೆ ಮತ್ತೆ ಮರಾಠಿ. ಬೆಳಗಿನಿಂದ ನಾನು ಕನ್ನಡದ ಒಂದು ವಾಕ್ಯವನ್ನೂ ಆಡಿರಲಿಲ್ಲ. ಆ ದಿನ ನನ್ನ ಬಾಯಿಂದ ಹೊರಟ ಕನ್ನಡವೆಂದರೆ ಕುಕ್ಕರಿನ ಸೀಟಿಗಳನ್ನು ‘ಒಂದು, ಎರಡು, ಮೂರು’ ಎಂದು ಎಣಿಸಿದ್ದು ಮತ್ತು ಹಾಲು ಉಕ್ಕಿದಾಗ ‘ಅಯ್ಯೋ’ ಎಂದದ್ದು. ಎಣಿಕೆಯೊಂದನ್ನು ಮಾತ್ರ ನಾವು ಕೊನೆಯವರೆಗೂ ತಾಯ್ನುಡಿಯಲ್ಲಿಯೇ ಮಾಡುತ್ತೇವೆಂದು ಕಾಣುತ್ತದೆ. ನಮ್ಮದು ಕನ್ನಡದ ಮನೆ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ. ಅದು ಎರಡು ಬಾಯಿಗಳ ಮೇಲೆ ನಿಂತಿದ್ದ ಮನೆ ಎಂಬುದು ಒಂದು ಬಾಯಿ ಸಮುದ್ರಕ್ಕೆ ಹೋದಾಗ ತಿಳಿಯಿತು.

ಹೆಂಗಸು ಒಂಟಿಯಾಗಿ ಮನೆಯಲ್ಲಿರುವುದು ನಮ್ಮ ಸಮಾಜಕ್ಕೆ ಹೊಸದಲ್ಲ. ನಮ್ಮ ಹಿರಿಯರ ಮುಂಬಯಿಯ ಚರಿತ್ರೆ ಗಂಡಸರು ಒಂಟಿಯಾಗಿ ಬಂದ ಚರಿತ್ರೆ. ನನ್ನ ಮಾವನವರು 1950ರಲ್ಲಿ, ತಮ್ಮ 14ನೆಯ ವಯಸ್ಸಿನಲ್ಲಿ, ಕುಂದಾಪುರದ ಬಳಿಯ ಹಳ್ಳಿಯಿಂದ ಬಂದು ಕೋಟೆ ಪ್ರದೇಶದ ಹೋಟೆಲೊಂದರಲ್ಲಿ ಲೋಟ ತೊಳೆದರು, ರಾತ್ರಿಶಾಲೆಯಲ್ಲಿ ಕಲಿತರು. ಇಂಥ ಕಥೆಗಳನ್ನು ನಾವು ನಮ್ಮ ಸ್ಮರಣ ಸಂಚಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚು ಹಾಕಿದ್ದೇವೆ, ಹಾಕಬೇಕಾದದ್ದೇ. ಆದರೆ ಆ ಕಥೆಯ ಇನ್ನೊಂದು ಅರ್ಧ ಊರಿನಲ್ಲಿ ಉಳಿದಿತ್ತು. 1960ರಲ್ಲಿ ಮದುವೆಯಾದ ನನ್ನ ಅತ್ತೆಯವರು 1982ರವರೆಗೆ, ಎಂದರೆ 22 ವರ್ಷ, ಊರಿನ ಮನೆಯಲ್ಲಿಯೇ ಇದ್ದರು. ಗಂಡ ವರ್ಷಕ್ಕೊಮ್ಮೆ, ಕೆಲವೊಮ್ಮೆ ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ಆ 22 ವರ್ಷಗಳಲ್ಲಿ ಅವರು ಏನು ಮಾಡಿದರೆಂದು ಯಾವ ಸ್ಮರಣ ಸಂಚಿಕೆಯೂ ಕೇಳಲಿಲ್ಲ. ಸೊಸೆಯಾಗಿ ನಾನೂ ಬಹುಕಾಲ ಕೇಳಲಿಲ್ಲ.

ಕೇಳಿದಾಗ ಅವರು ಹೇಳಿದ್ದು ಇಷ್ಟು. ಮನಿಯಾರ್ಡರಿನ ಕಾಗದದ ಕೆಳತುದಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗವಿರುತ್ತಿತ್ತು. ಮಾವನವರು ಅದರಲ್ಲಿ ಕ್ಷೇಮ ಸಮಾಚಾರ ಬರೆಯುತ್ತಿದ್ದರು. ಅತ್ತೆಗೆ ಓದು ಬಾರದು. ಅಂಚೆಯವನು ಅಂಗಳದಲ್ಲಿ ನಿಂತು, ಅಕ್ಕಪಕ್ಕದವರೆಲ್ಲ ಕೇಳುವಂತೆ ಓದಿ ಹೇಳುತ್ತಿದ್ದ. ಹೀಗಾಗಿ ಗಂಡ ಬರೆಯುವುದೆಲ್ಲ ಅಂಚೆಯವನ ಬಾಯಿಗೆ ಒಪ್ಪುವ ಮಾತೇ ಆಗಿರಬೇಕಾಗಿತ್ತು. ‘ನನ್ನ ಗಂಡ ನನಗೆ ಹೇಳುವುದನ್ನು ಊರವರ ಬಾಯಿಂದ ಕೇಳುವುದು ಬೇಡ ಎನಿಸಿತು’ ಎಂದರು ಅತ್ತೆ. ಮಗ ಒಂದನೆಯ ತರಗತಿಗೆ ಸೇರಿದಾಗ ಅವನ ಪುಸ್ತಕವನ್ನೇ ಎದುರಿಟ್ಟುಕೊಂಡು, ಅವನು ಮಲಗಿದ ಮೇಲೆ, ಚಿಮಿಣಿ ದೀಪದ ಬೆಳಕಿನಲ್ಲಿ ಅಕ್ಷರ ಕಲಿತರು. ಮುಂದೆ ಅವರು ತಮ್ಮ ಕೈಯಿಂದಲೇ ಇನ್‌ಲ್ಯಾಂಡ್ ಪತ್ರ ಬರೆದರು. ಮಾವನವರಿಗೆ ರಾತ್ರಿಶಾಲೆಯಿತ್ತು, ಮಾಸ್ತರರಿದ್ದರು, ಸಹಪಾಠಿಗಳಿದ್ದರು. ಅತ್ತೆಯವರ ರಾತ್ರಿಶಾಲೆಯಲ್ಲಿ ಅವರೊಬ್ಬರೇ ವಿದ್ಯಾರ್ಥಿನಿ, ಅವರೇ ಮಾಸ್ತರು.

ನಮ್ಮ ಸಾಹಿತ್ಯವೂ ಮನೆಯಲ್ಲಿ ಉಳಿದವಳನ್ನು ಬಹುಮಟ್ಟಿಗೆ ಹೊರಗೆ ಹೋದವನ ಕಣ್ಣಿನಿಂದಲೇ ನೋಡಿದೆ. ಕಾಳಿದಾಸನ ಮೇಘದೂತವನ್ನು ನಾನು ಓದಿದ್ದು ಬೇಂದ್ರೆಯವರ ಕನ್ನಡದಲ್ಲಿ. ಅಲ್ಲಿ ಯಕ್ಷನ ಹೆಂಡತಿ ಹೊಸ್ತಿಲಲ್ಲಿ ಹೂಗಳನ್ನಿಟ್ಟು ಉಳಿದ ತಿಂಗಳುಗಳನ್ನು ಎಣಿಸುತ್ತಿರಬಹುದೆಂದು ಯಕ್ಷ ಊಹಿಸುತ್ತಾನೆ. ಎಷ್ಟು ಸುಂದರವಾದರೂ ಅದು ಊಹೆ. ಅವಳು ನಿಜವಾಗಿ ಏನು ಮಾಡುತ್ತಿದ್ದಳೆಂದು ಮೋಡವೂ ಬಂದು ಹೇಳಲಿಲ್ಲ. ಇದಕ್ಕೆ ಉತ್ತರ ದೊರೆಯುವುದು ನಮ್ಮ ಜನಪದರಲ್ಲಿ. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ತಮಗೆ ತಿಳಿದಿದೆ. ಬೆಳಗಿನ ಜಾವ, ಮನೆಯವರೆಲ್ಲ ಮಲಗಿರುವಾಗ, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿಕೊಂಡ ಬಗೆಯ ಹಾಡುಗಳವು. ಕೇಳುವವರಿಲ್ಲದ ಹೊತ್ತಿನಲ್ಲಿ ಆಡಿದ ಮಾತೇ ಕನ್ನಡದ ಶ್ರೇಷ್ಠ ಮಾತುಗಳಲ್ಲಿ ಒಂದಾಗಿ ಉಳಿಯಿತೆಂಬುದನ್ನು ನಾವು ನೆನೆಯಬೇಕು.

ಹಾಗೆಂದು ಒಂಟಿತನವನ್ನು ನಾನು ಹೊಗಳಲಾರೆ. ಅದರ ಇನ್ನೊಂದು ಮುಖವನ್ನೂ ಕಂಡಿದ್ದೇನೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಅವರು ಸಮುದ್ರದಲ್ಲಿದ್ದರು. ಕೋವಿಡ್ ಕಾಲವಾದ್ದರಿಂದ ಮಗಳು ಪುಣೆಯ ಆಸ್ಪತ್ರೆ ಬಿಟ್ಟು ಬರುವಂತಿರಲಿಲ್ಲ. ಮೇ 17ರಂದು ಇಡೀ ದಿನ ಗಾಳಿ. ಎದುರಿನ ಗುಲ್‌ಮೊಹರ್ ಮರ ಬಿತ್ತು, ವಿದ್ಯುತ್ತು ಹೋಯಿತು. ಅವರ ಫೋನು ಸಿಗಲಿಲ್ಲ. ತೈಲಕ್ಷೇತ್ರದಲ್ಲಿ ಪಿ-305 ಎಂಬ ಬಾರ್ಜು ಲಂಗರು ಕಳಚಿಕೊಂಡು ತೇಲಿ ಹೋಗಿ ಆ ಸಂಜೆ ಮುಳುಗಿತು. ಅದರಲ್ಲಿ 261 ಮಂದಿ ಇದ್ದರು. ಎಪ್ಪತ್ತಕ್ಕೂ ಹೆಚ್ಚು ಜನ ಹಿಂದಿರುಗಲಿಲ್ಲ. ನನ್ನ ಪತಿ ಇದ್ದದ್ದು ಬಾರ್ಜಿನಲ್ಲಲ್ಲ, ಸ್ಥಿರ ವೇದಿಕೆಯ ಮೇಲೆ. ಆದರೆ ಆ ಹೊತ್ತಿನಲ್ಲಿ ನನ್ನ ಬುದ್ಧಿ ಆ ಭೇದವನ್ನು ನಂಬಲು ಸಿದ್ಧವಿರಲಿಲ್ಲ.

ಆ ರಾತ್ರಿ ನೆರೆಮನೆಯ ಮರಾಠಿ ತಾಯಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ತಮ್ಮ ಮನೆಯಿಂದಲೇ ಕುರ್ಚಿಯೊಂದನ್ನು ತಂದು ನನ್ನ ಬಾಗಿಲಲ್ಲಿ ಹಾಕಿ ಕುಳಿತರು. ಬೆಳಗಿನವರೆಗೆ ಕುಳಿತರು. ನಾವು ಮಾತನಾಡಿದ್ದು ಬಹಳ ಕಡಿಮೆ. ಮರುದಿನ ಮಧ್ಯಾಹ್ನ ಫೋನು ಬಂತು. ಅವರು ಹೇಳಿದ್ದು ‘ಹುಷಾರಿದ್ದೇನೆ’ ಎಂಬ ಒಂದೇ ಮಾತು. ಅಷ್ಟಕ್ಕೇ ಕರೆ ಕಡಿದು ಹೋಯಿತು. ಆ ತಾಯಿಗೆ ಕನ್ನಡ ಬಾರದು. ಆದರೂ ನಾನು ಅನುವಾದಿಸಿ ಹೇಳುವ ಪ್ರಮೇಯವೇ ಬರಲಿಲ್ಲ. ನನ್ನ ಮುಖ ನೋಡಿ ಎದ್ದು, ಕುರ್ಚಿಯನ್ನೆತ್ತಿಕೊಂಡು ಮನೆಗೆ ಹೋದರು. ಕನ್ನಡವಿಲ್ಲದ ದಿನಗಳ ಬಗ್ಗೆ ನಾನು ಮರುಗುವಾಗಲೆಲ್ಲ ಆ ಕುರ್ಚಿಯನ್ನು ನೆನೆಯುತ್ತೇನೆ. ನಾವು ಅನ್ಯರ ನಡುವೆ ಬದುಕುತ್ತಿದ್ದೇವೆಂದು ಭಾಷಣಗಳಲ್ಲಿ ಹೇಳುವುದುಂಟು. ಆ ಮಾತನ್ನು ಆಡುವಾಗ ಸ್ವಲ್ಪ ಎಚ್ಚರ ಬೇಕೆಂದು ನನಗೆ ಅಂದಿನಿಂದ ತೋರಿದೆ.

ಆ ವರ್ಷದ ಮಳೆಗಾಲದಲ್ಲಿ ನಾನೊಂದು ನಿಯಮ ಮಾಡಿಕೊಂಡೆ. ಅವರಿಲ್ಲದ 14 ದಿನಗಳಲ್ಲಿ ದಿನಕ್ಕೊಂದು ಪುಟ ಕನ್ನಡ ಬರೆಯುವುದು. ಮಧ್ಯಾಹ್ನ ಅರ್ಧ ಗಂಟೆ ಕನ್ನಡದ ಪುಸ್ತಕವನ್ನು ಗಟ್ಟಿಯಾಗಿ ಓದುವುದು. ಮೊದಲ ದಿನ ನನಗೇ ನಾಚಿಕೆಯಾಯಿತು. ಅಲ್ಪಪ್ರಾಣ ಮಹಾಪ್ರಾಣಗಳು ಕೈತಪ್ಪಿದ್ದವು. ‘ಅಭ್ಯಾಸ’ ಬರೆಯಲು ಮೂರು ಸಲ ಹೊಡೆದು ಹಾಕಬೇಕಾಯಿತು. ನನ್ನ ದನಿ ಖಾಲಿ ಮನೆಯಲ್ಲಿ ಬೇರೆಯವರ ದನಿಯಂತೆ ಕೇಳಿಸಿತು. ಈಗ ಏಳು ನೋಟುಪುಸ್ತಕಗಳಾಗಿವೆ. ಅದರಲ್ಲಿರುವುದು ಸಾಹಿತ್ಯವಲ್ಲ. ತೊಗರಿಬೇಳೆಯ ಬೆಲೆಯಿದೆ, ಮಗಳ ಮೇಲಿನ ಸಿಟ್ಟಿದೆ, ಅತ್ತೆಯವರು ತೀರಿಕೊಳ್ಳುವ ಮೊದಲು ಹೇಳಿದ ಅಂಚೆಯವನ ಕಥೆಯಿದೆ. ಬರೆದಿಡದಿದ್ದರೆ ಅದನ್ನು ಇಂದು ನಿಮಗೆ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಅವರು ಮರಳಿ ಬಂದ ದಿನದ ವಿಷಯವನ್ನೂ ಹೇಳಬೇಕು. ಸಮುದ್ರದ ಮೇಲೆ ಅವರದೂ ಹಿಂದಿ, ಇಂಗ್ಲಿಷುಗಳ ಸಂಸಾರ. ಬಾಗಿಲಲ್ಲಿ ‘ಹ್ವಾಯ್’ ಎಂದು ನಮ್ಮ ಕುಂದಾಪುರದ ಕೂಗು ಹಾಕಿದರೆಂದರೆ ರಾತ್ರಿ ಹನ್ನೊಂದರವರೆಗೆ ಇಬ್ಬರಿಗೂ ಮಾತು ನಿಲ್ಲದು. ಮರುದಿನ ಟೆಲಿವಿಷನ್ನಿನ ಸದ್ದಿಗೆ ನನಗೆ ಒಳಗೊಳಗೇ ಕಿರಿಕಿರಿಯಾಗುತ್ತದೆ. ನನ್ನದಾಗಿದ್ದ ಮಧ್ಯಾಹ್ನವನ್ನು ಯಾರೋ ತೆಗೆದುಕೊಂಡಂತೆ ಅನಿಸುತ್ತದೆ. ಇನ್ನೆರಡು ವರ್ಷಗಳಲ್ಲಿ ಅವರಿಗೆ ನಿವೃತ್ತಿ. ‘ಅಂತೂ ನಿಮ್ಮ ಒಂಟಿತನ ಮುಗಿಯಿತು’ ಎಂದು ಎಲ್ಲರೂ ಹೇಳುತ್ತಾರೆ. ನಾನು ನಕ್ಕು ಸುಮ್ಮನಾಗುತ್ತೇನೆ. ಸಂತೋಷವಿಲ್ಲವೆಂದಲ್ಲ, ಆ ಅರ್ಧ ಗಂಟೆ ಉಳಿಯುವುದೋ ಇಲ್ಲವೋ ಎಂಬ ಚಿಂತೆಯೂ ಇದೆ.

ಇನ್ನು ನನ್ನ ಬಿನ್ನಹ. ನಮ್ಮ ಸಂಘವು ರಾಜ್ಯೋತ್ಸವವನ್ನು ಮಾಡುತ್ತದೆ, ಯಕ್ಷಗಾನವನ್ನು ತರಿಸುತ್ತದೆ. ಇವೆಲ್ಲ ಕನ್ನಡವನ್ನು ನೂರು ಜನರ ನಡುವೆ ಮೆರೆಸುವ ಕಾರ್ಯಗಳು. ಆದರೆ ಹೊರನಾಡಿನಲ್ಲಿ ಭಾಷೆ ಸೊರಗುವುದು ಜಾತ್ರೆಯ ದಿನವಲ್ಲ, ಮಂಗಳವಾರದ ಮಧ್ಯಾಹ್ನ. 2011ರ ಜನಗಣತಿಯಲ್ಲಿ, ಊರು ಬಿಟ್ಟು ಬಂದ ಹೆಂಗಸರಲ್ಲಿ ಅತಿ ಹೆಚ್ಚು ಮಂದಿ ಕೊಟ್ಟ ಕಾರಣ ಮದುವೆ. ಹೀಗೆ ಮದುವೆಯಾಗಿ ಬಂದು, ಗಂಡ ಪ್ರವಾಸದ ಕೆಲಸದಲ್ಲಿದ್ದು, ಮಕ್ಕಳು ದೂರವಾಗಿ, ಹಗಲೆಲ್ಲ ಒಬ್ಬರೇ ಇರುವವರು ಈ ಸಭೆಯಲ್ಲಿಯೇ ಎಷ್ಟು ಮಂದಿ ಇದ್ದೀರೆಂದು ನನಗೆ ಗೊತ್ತು. ನಿಮ್ಮ ಮುಖಗಳಲ್ಲಿಯೇ ಕಾಣುತ್ತಿದೆ.

ನಮ್ಮ ಗ್ರಂಥಾಲಯದಲ್ಲಿ ಎರಡು ಕಪಾಟು ತುಂಬ ಪುಸ್ತಕಗಳಿವೆ. ಅದು ತೆರೆಯುವುದು ಭಾನುವಾರ ಸಂಜೆ 5ರಿಂದ 7ರವರೆಗೆ, ಎಂದರೆ ಮನೆಗೆ ಎಲ್ಲರೂ ಬಂದಿರುವ, ಓದಲು ಯಾರಿಗೂ ಬಿಡುವಿಲ್ಲದ ಹೊತ್ತಿನಲ್ಲಿ. ನಾನು ಕಳೆದ ತಿಂಗಳು ತಂದ ಕಾದಂಬರಿಯ ಹಿಂಬದಿಯ ಚೀಟಿಯಲ್ಲಿ ಅದಕ್ಕೂ ಹಿಂದಿನ ಮುದ್ರೆ 2009ರದ್ದು. ಓದುವವರಿಲ್ಲವೆಂದು ನಾವು ದುಃಖಿಸುತ್ತೇವೆ. ಓದುವವರಿದ್ದಾರೆ, ಅವರಿಗೆ ಬಿಡುವಿರುವ ಹೊತ್ತಿನಲ್ಲಿ ಕಪಾಟಿಗೆ ಬೀಗವಿದೆ.

ವಾರದಲ್ಲಿ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಮಧ್ಯಾಹ್ನ 3ರಿಂದ 5ರವರೆಗೆ ಆ ಕೋಣೆಯನ್ನು ತೆರೆದಿಡಲು ಸಂಘದ ಕಾರ್ಯಕಾರಿ ಸಮಿತಿಯವರು ಅನುಮತಿ ನೀಡಬೇಕು. ಸಿಬ್ಬಂದಿಯ ವೆಚ್ಚವೆಂಬ ಆಕ್ಷೇಪ ಬೇಡ. ಕೀಲಿಕೈಯನ್ನು ನನ್ನ ಕೈಗೆ ಕೊಡಿ. ಅವರು ಸಮುದ್ರದಲ್ಲಿರುವ 14 ದಿನ ನಾನು ಬರುತ್ತೇನೆ. ಉಳಿದ 14 ದಿನಗಳಿಗೆ ನಿಮ್ಮಲ್ಲಿ ಯಾರಾದರೂ ಒಬ್ಬರು ಮುಂದೆ ಬನ್ನಿ. ಬಂದವರು ಗಟ್ಟಿಯಾಗಿ ಓದಬಹುದು, ಬರೆಯಬಹುದು, ಸುಮ್ಮನೆ ಕುಳಿತೂ ಇರಬಹುದು. ಕುರ್ಚಿ ಸಾಲದಿದ್ದರೆ ಮನೆಯಿಂದ ತರೋಣ.